ಕ್ರೇನಕ್ಕನ ತುಟಿ ಕಸರತ್ತು

ಬ್ಯಾಂಡಿನಲ್ಲಿ ಒಬ್ಬರೇ ನುಡಿಸುವ ಸೋಲೊ ತನಗೇ ಸಿಕ್ಕಿತು ಎಂದು ತಿಳಿದ ಸಂಜೆ ಕ್ರೇನಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಗೆ ನೋಡಿದರೆ ಹಗಲೆಲ್ಲ ಅವಳ ಕಾಲು ನೆಲದ ಮೇಲೆ ಇರುತ್ತಲೂ ಇರಲಿಲ್ಲ. ಉಕ್ಕಿನ ಕೊಳವೆಗಳ ಆ ದೊಡ್ಡ ಗೋದಾಮಿನಲ್ಲಿ, ಮಾಡಿನ ಕೆಳಗೆ ಈ ತುದಿಯಿಂದ ಆ ತುದಿಗೆ ಓಡಾಡುವ ಕ್ರೇನೊಂದಿತ್ತು. ಅದಕ್ಕೆ ಜೋತುಬಿದ್ದ ಗಾಜಿನ ಗೂಡಿನಲ್ಲಿ ಕೂತು, ಎರಡು ಹಿಡಿಗಳನ್ನು ಹಿಂದೆ ಮುಂದೆ ಆಡಿಸುತ್ತ, ಕೆಳಗಿನವರು ಕೈ ತೋರಿಸಿದ ಕಡೆಗೆ ಕೊಳವೆಗಳ ಕಟ್ಟನ್ನು ಎತ್ತಿ ಇಳಿಸುವುದು ಅವಳ ಕೆಲಸ. ತೊಟ್ಟಿಲಲ್ಲಿ ಮಗು ಮಲಗಿಸಿದಷ್ಟು ಮೆಲ್ಲಗೆ ಇಳಿಸುತ್ತಾಳೆ ಎಂದು ಲಾರಿಯವರು ಹೇಳುತ್ತಿದ್ದರು.

ಗೋದಾಮಿನವರದೇ ಒಂದು ಬ್ಯಾಂಡಿತ್ತು. ವೆಲ್ಡರುಗಳು, ಲಾರಿ ಡ್ರೈವರುಗಳು, ತೂಕದ ಕಟ್ಟೆಯವರು, ಸ್ಟೋರಿನ ಗುಮಾಸ್ತ ಎಲ್ಲರೂ ಸೇರಿ ಕೆಲಸ ಬಿಟ್ಟ ಮೇಲೆ ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಸರಿಸಿ ಊದುತ್ತಿದ್ದರು. ಹೇಳಿಕೊಡುವವರು ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾಗಿದ್ದ ಮಾಸ್ಟರು. ವರ್ಷಕ್ಕೊಮ್ಮೆ ನದಿ ದಂಡೆಯ ಸಭಾಂಗಣದಲ್ಲಿ ಕಾರ್ಖಾನೆ, ಗಣಿ, ಅಂಚೆ, ರೈಲು ಅಂತ ಸುತ್ತಲಿನ ಬ್ಯಾಂಡುಗಳೆಲ್ಲ ಸೇರಿ ಸ್ಪರ್ಧೆ ನಡೆಯುತ್ತಿತ್ತು. ಈ ಸಲ ನುಡಿಸಬೇಕಾದ ಸಂಗೀತದ ನಡುವೆ ಉಳಿದವರೆಲ್ಲ ಸುಮ್ಮನಾಗಿ, ಟ್ರಂಪೆಟ್ ಒಂದೇ ಎದ್ದು ನಿಂತು ನುಡಿಸುವ ಉದ್ದನೆಯ ಭಾಗವಿತ್ತು. ಮೆಲ್ಲಗೆ ಶುರುವಾಗಿ, ಏಣಿ ಹತ್ತಿದಂತೆ ಹತ್ತಿ, ತುತ್ತತುದಿಯ ಒಂದು ಸ್ವರದ ಮೇಲೆ ನಿಂತು, ಅಲ್ಲಿಂದ ತಿರುಗಿ ಇಳಿದು ಬರಬೇಕು. ಇಷ್ಟು ವರ್ಷ ಇಂಥ ಭಾಗವೆಲ್ಲ ಹಿರಿಯ ವೆಲ್ಡರೊಬ್ಬರ ಪಾಲಾಗುತ್ತಿತ್ತು. ಅವರು ಕೆಲಸದಿಂದ ನಿವೃತ್ತರಾಗಿ ಬೇರೆ ಊರಿಗೆ ಹೋಗಿದ್ದರು.

ಮಾಸ್ಟರು ಕನ್ನಡಕ ಒರೆಸಿಕೊಂಡು ಹೇಳಿದರು, "ಈ ಸಲ ಸೋಲೊ ಕ್ರೇನಕ್ಕಂದು. ಯಾರಿಗಾದ್ರೂ ಹೊಟ್ಟೆ ಉರಿದ್ರೆ ಅಲ್ಲಿ ನೀರಿದೆ, ಕುಡೀರಿ."

ಗುಮಾಸ್ತ ಗಂಭೀರವಾಗಿ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಕೂತ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ಆದರೆ ಅವನಿಗೂ ಆ ಸೋಲೊ ಮೇಲೆ ಕಣ್ಣಿತ್ತೆಂದು ಕ್ರೇನಕ್ಕನಿಗೆ ಗೊತ್ತಿತ್ತು. ಅವಳ ಪಕ್ಕದ ಕುರ್ಚಿಯಲ್ಲೇ ಕೂತು ಅಷ್ಟೇ ವರ್ಷ ಟ್ರಂಪೆಟ್ ಊದಿದವನು ಅವನು.

ಎಲ್ಲರೂ ಪೆಟ್ಟಿಗೆ ಮುಚ್ಚಿ ಹೊರಟರೂ ಇವಳಿಗೆ ಮನಸ್ಸು ತಡೆಯಲಿಲ್ಲ. ಇನ್ನೊಂದೇ ಸಲ ಎಂದುಕೊಂಡು ಅಡುಗೆಮನೆಯ ಬಾಗಿಲ ಹತ್ತಿರ ನಿಂತು, ಕಣ್ಣು ಮುಚ್ಚಿ, ಸೋಲೊ ಶುರು ಮಾಡಿದಳು. ತುದಿಯ ಸ್ವರಕ್ಕೆ ಇನ್ನೇನು ಹತ್ತಬೇಕು, ಆ ಕಡೆಯಿಂದ ಕ್ಯಾಂಟೀನಿನವನು ಪಾತ್ರೆ ತುಂಬಿದ ಗಾಡಿಯಿಂದ ಬಾಗಿಲನ್ನು ದಬ್ಬಿದ. ಬಾಗಿಲು ಬಂದು ಟ್ರಂಪೆಟ್ಟಿನ ಬಾಯಿಗೆ ಬಡಿಯಿತು, ಟ್ರಂಪೆಟ್ಟು ಇವಳ ಬಾಯಿಗೆ ಬಡಿಯಿತು. ಕಣ್ಣೆದುರು ಬೆಳಕು ಚದುರಿತು. ಅಂಗೈಗೆ ಉಗುಳಿದರೆ ರಕ್ತದ ಜೊತೆ ಮುಂದಿನ ಹಲ್ಲಿನ ಅರ್ಧ ಚೂರು.

"ಅಯ್ಯಯ್ಯೋ ಅಕ್ಕಾ, ಏನಾಯ್ತು?" ಎಂದು ಕ್ಯಾಂಟೀನಿನವನು ಬಡಬಡಿಸಿದ.

"ಫೋಲೊ... ನನ್ನ ಫೋಲೊ..." ಎಂದಳು ಕ್ರೇನಕ್ಕ. ಅವನಿಗೆ ಅದು ಅರ್ಥವಾಗಲಿಲ್ಲ. ಮಂಜುಗಡ್ಡೆ ತರಲು ಓಡಿದ.

ಹಲ್ಲಿನ ಡಾಕ್ಟರು ಚುರುಕಾದ ಹೆಂಗಸು. ಬಾಯಿಗೆ ದೀಪ ಬಿಟ್ಟು, ಕಡ್ಡಿಯಿಂದ ತಟ್ಟಿ, ಚಿತ್ರ ತೆಗೆದು ನೋಡಿ, ಬೇರಿಗೆ ಏನೂ ಆಗಿಲ್ಲ, ಮುರಿದ ಹಲ್ಲಿಗೆ ಕ್ಯಾಪ್ ಹಾಕಿದರೆ ಮೊದಲಿನ ಹಾಗೇ ಆಗುತ್ತದೆ, ಆದರೆ ವಸಡು ನೊಂದಿದೆ, ಗಟ್ಟಿಯಾಗುವವರೆಗೂ ಆ ಹಲ್ಲಿನ ಮೇಲೆ ಏನನ್ನೂ ಒತ್ತುವ ಹಾಗಿಲ್ಲ ಎಂದರು.

"ಟ್ರಂಪೆಟ್ಟು? ಮುಂದಿನ ತಿಂಗಳು ಸ್ಪರ್ಧೆ ಇದೆ" ಎಂದು ಕ್ರೇನಕ್ಕ ಕೇಳಿದಳು.

"ಅದು ಎಲ್ಲಿ ತಾಗುತ್ತೆ ತೋರ್ಸಿ."

ಅವಳು ಕೈಚೀಲದಿಂದ ಮೌತ್‌ಪೀಸನ್ನು ತೆಗೆದು ಕೊಟ್ಟಳು. ಗಂಟೆಯಂಥ ಆ ಪುಟ್ಟ ಹಿತ್ತಾಳೆಯ ಬಟ್ಟಲನ್ನು ಡಾಕ್ಟರು ತೊಳೆದು, ತಮ್ಮ ತುಟಿಗೇ ಇಟ್ಟುಕೊಂಡು ಊದಿ ನೋಡಿದರು. ಗಾಳಿ ಬಂತೇ ಹೊರತು ಸದ್ದು ಬರಲಿಲ್ಲ.

"ತುಟಿನ ನಡುಗಿಸ್ಬೇಕು ಡಾಕ್ಟ್ರೇ. ಸುಮ್ನೆ ಊದಿದ್ರೆ ಆಗಲ್ಲ. ಬಾಯಿ ಎರಡೂ ಮೂಲೆ ಬಿಗಿ ಹಿಡಿದು, ನಡುವೆ ಮಾತ್ರ ಸಡಿಲ ಬಿಡ್ಬೇಕು."

"ಅಂದ್ರೆ ಕೆಲಸ ಮಾಡೋದೆಲ್ಲ ತುಟಿ. ಹಲ್ಲು ಅದಕ್ಕೆ ಗೋಡೆ ಇದ್ದ ಹಾಗೆ, ಅಲ್ವಾ? ಈಗ ಗೋಡೆ ಬಿರುಕು ಬಿಟ್ಟಿದೆ. ಒರಗೋ ಹಾಗಿಲ್ಲ. ಸ್ಪರ್ಧೆಗೆ ಒಂದು ವಾರ ಇದೆ ಅನ್ನೋವಾಗ ಬನ್ನಿ, ನೋಡೋಣ. ಅಲ್ಲೀವರೆಗೂ ಇದನ್ನ ಮುಟ್ಬೇಡಿ."

"ಅಷ್ಟು ದಿನ ಬಿಟ್ರೆ ಬಾಯಿ ಜೋಲುಬಿದ್ದು ಹೋಗುತ್ತೆ ಡಾಕ್ಟ್ರೇ. ಎರಡು ದಿನ ಬಿಟ್ರೇನೇ ನನಗೆ ಗೊತ್ತಾಗುತ್ತೆ. ಒಂದು ವಾರ ಬಿಟ್ರೆ ಪಕ್ಕದವರಿಗೂ ಗೊತ್ತಾಗುತ್ತೆ."

ಡಾಕ್ಟರು ಕೈಗವಸು ಕಳಚಿದರು. "ಹಲ್ಲಿಗೆ ಒತ್ತಡ ಬೇಡ ಅಂದೆ. ತುಟಿಗೆ ಕೆಲಸ ಕೊಡ್ಬೇಡಿ ಅನ್ಲಿಲ್ಲ. ಗಾಯ ಒಣಗಲಿ, ಆಮೇಲೆ ಅದೇನು ಮಾಡ್ಕೋತೀರೋ ಮಾಡ್ಕೊಳ್ಳಿ."

ಈ ಮಾತನ್ನು ಕ್ರೇನಕ್ಕ ಬಸ್ಸಿನಲ್ಲಿ ಮನೆಯವರೆಗೂ ಮನಸ್ಸಿನಲ್ಲೇ ತಿರುವಿ ಹಾಕುತ್ತ ಬಂದಳು. ತುಟಿಗೆ ಕೆಲಸ ಕೊಡುವುದು ಸರಿ, ಆದರೆ ಹೇಗೆ?

ಮನೆಯಲ್ಲಿದ್ದವರು ಮೂವರೇ. ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು, ಬೆಳಕು ಹರಿಯುವ ಮುಂಚೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದ. ಇನ್ನೊಬ್ಬರು ಅವನ ತಾಯಿ. ಅತ್ತೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂತು ಜೀವಮಾನ ಕಳೆದವರು. ಗಾಜಿನ ತೂತಿನಿಂದ ಕೂಗಿ ಕೂಗಿ ಗಂಟಲು ಕಂಚಿನಂತಾಗಿತ್ತು. ಅಂಥವರಿಗೆ ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಎದ್ದಾಗ ಮುಖದ ಎಡಭಾಗ ಮಾತು ಕೇಳದಾಗಿತ್ತು. ಕಣ್ಣು ಮುಚ್ಚಲಿಲ್ಲ, ಬಾಯಿ ಓರೆಯಾಗಿತ್ತು, ಕುಡಿದ ನೀರು ಗಲ್ಲಕ್ಕೆ ಇಳಿಯುತ್ತಿತ್ತು. ನರದ ತೊಂದರೆ, ಹೋಗುತ್ತದೆ ಎಂದಿದ್ದರು ಆಸ್ಪತ್ರೆಯವರು. ಬಹುಪಾಲು ಹೋಯಿತು ಕೂಡ. ಆದರೆ ಬಾಯಿಯ ಎಡಮೂಲೆ ಸ್ವಲ್ಪ ಇಳಿದೇ ಉಳಿಯಿತು. ಅಂದಿನಿಂದ ಅತ್ತೆ ನಾಲ್ಕು ಜನರಿರುವ ಕಡೆ ಹೋಗುತ್ತಿರಲಿಲ್ಲ. ಮನೆಗೆ ಯಾರಾದರೂ ಬಂದರೆ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದರು.

ಸೊಸೆ ಊದಿಕೊಂಡ ತುಟಿಯಲ್ಲಿ ಹೇಳಿದ ಕಥೆಯನ್ನೆಲ್ಲ ಅತ್ತೆ ಕೇಳಿದರು.

"ಬಾಯಿ ಮೂಲೆ ಬಿಗಿ ಹಿಡೀಬೇಕು, ನಡುವೆ ಸಡಿಲ ಬಿಡ್ಬೇಕು ಅಂದ್ಯಾ?"

"ಹೂಂ ಅತ್ತೆ."

"ಅದನ್ನೇ ಕಣೇ ಆಸ್ಪತ್ರೆಯ ಆ ವ್ಯಾಯಾಮದ ಹುಡುಗಿ ನನಗೆ ಹೇಳಿಕೊಟ್ಟಿದ್ದು! ಕನ್ನಡಿ ಮುಂದೆ ನಿಲ್ಲಿಸಿ ಕೋತಿ ಕುಣಿಸಿದ ಹಾಗೆ ಕುಣಿಸಿದ್ಲು. ತುಟಿ ಮುಂದಕ್ಕೆ ಚಾಚಿ, ಹಿಂದಕ್ಕೆ ಎಳೀರಿ, ಕೆನ್ನೆ ಉಬ್ಬಿಸಿ, ಗಾಳಿ ಈ ಕಡೆಯಿಂದ ಆ ಕಡೆಗೆ ಕಳಿಸಿ... ನಾನು ಬೇಜಾರಾಗಿ ಅರ್ಧಕ್ಕೇ ಬಿಟ್ಟೆ."

ಕ್ರೇನಕ್ಕ ಅತ್ತೆಯ ಮುಖವನ್ನೇ ನೋಡಿದಳು. ಅತ್ತೆ ಸೊಸೆಯ ಮುಖ ನೋಡಿದರು.

"ನನಗೆ ಹೇಳಿಕೊಡ್ತೀರಾ?"

"ಹೇಳಿಕೊಡೋದೇನು, ನಾನೂ ಮಾಡ್ತೀನಿ. ಒಬ್ಬಳೇ ಮಾಡಿದ್ರೆ ಹುಚ್ಚಿ ಅಂತಾರೆ. ಇಬ್ಬರು ಮಾಡಿದ್ರೆ ಏನೋ ಇದೆ ಅಂದ್ಕೋತಾರೆ."

ಗಾಯ ಒಣಗಿದ ಮಾರನೆಯ ದಿನವೇ ಪಡಸಾಲೆಯ ಕನ್ನಡಿ ಎದುರು ಪಾಠ ಶುರುವಾಯಿತು. ಅತ್ತೆ ಟಿಕೆಟ್ ಕಿಟಕಿಯ ಗಂಟಲಿನಲ್ಲೇ ಆಜ್ಞೆ ಕೊಡುತ್ತಿದ್ದರು. "ಮುಂದಕ್ಕೆ! ಹಿಡಿ! ಹಿಂದಕ್ಕೆ! ನಗ್ಬೇಡ, ಎಳಿ!" ಸೊಸೆ ತುಟಿಯನ್ನು ಮುಂದೆ ಚಾಚುವುದು, ಕಿವಿಯವರೆಗೂ ಎಳೆಯುವುದು, ಮತ್ತೆ ಚಾಚುವುದು. ಅದರ ಜೊತೆಗೆ ತಾನು ಹಿಂದೆ ಹಿರಿಯ ವೆಲ್ಡರರಿಂದ ಕೇಳಿದ್ದ ಪೆನ್ಸಿಲ್ಲಿನ ಕಸರತ್ತನ್ನೂ ಕ್ರೇನಕ್ಕ ಸೇರಿಸಿದಳು. ಪೆನ್ಸಿಲ್ಲಿನ ತುದಿಯನ್ನು ಹಲ್ಲಿನಿಂದ ಕಚ್ಚದೆ ಬರೀ ತುಟಿಗಳಲ್ಲಿ ಹಿಡಿದು, ಅದು ಬಾಗದ ಹಾಗೆ ಮುಂದಕ್ಕೆ ನೆಟ್ಟಗೆ ನಿಲ್ಲಿಸಬೇಕು. ಕೇಳಲು ಏನೂ ಅಲ್ಲ. ಮಾಡಿದರೆ ಒಂದೆರಡು ನಿಮಿಷಕ್ಕೇ ಬಾಯಿಯ ಮೂಲೆಗಳು ಬೆಂಕಿಯಾಗುತ್ತವೆ.

ಇಬ್ಬರೂ ಒಂದೊಂದು ಪೆನ್ಸಿಲ್ ಹಿಡಿದು ಪಂದ್ಯ ಕಟ್ಟಿದರು. ಅತ್ತೆಯ ಪೆನ್ಸಿಲ್ ಎಡಕ್ಕೆ ವಾಲಿ ಟಪಕ್ಕನೆ ಬಿದ್ದುಹೋಗುತ್ತಿತ್ತು. "ಇನ್ನೊಂದ್ಸಲ!" ಎಂದು ಬಗ್ಗಿ ಎತ್ತಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಮೈಯೆಲ್ಲ ಹಿಟ್ಟು ಮೆತ್ತಿಕೊಂಡ ಮಗ ಬೇಕರಿಯಿಂದ ಬಂದು ಬಾಗಿಲು ತೆಗೆದರೆ, ಹೆಂಡತಿ ಮತ್ತು ತಾಯಿ ಬಾಯಲ್ಲಿ ಪೆನ್ಸಿಲ್ ಇಟ್ಟುಕೊಂಡು ಎದುರುಬದುರು ಕಣ್ಣು ಕೆಕ್ಕರಿಸಿಕೊಂಡು ನಿಂತಿದ್ದಾರೆ. ಮಾತಿಲ್ಲ, ಕತೆಯಿಲ್ಲ.

"ಜಗಳಾನಾ?" ಎಂದು ಅವನು ಹೆದರಿ ಕೇಳಿದ.

ನಗು ತಡೆಯಲಾರದೆ ಇಬ್ಬರ ಪೆನ್ಸಿಲ್ಲೂ ಒಟ್ಟಿಗೆ ಬಿದ್ದವು. "ನೋಡು, ನಿನ್ನಿಂದ ಸೋತೆ!" ಎಂದು ಅತ್ತೆ ಮಗನನ್ನೇ ಗದರಿಕೊಂಡರು.

ಗೋದಾಮಿನಲ್ಲಿ ಬೇರೆಯೇ ತಮಾಷೆ. ಕೊಕ್ಕೆಗೆ ಭಾರವಿಲ್ಲದೆ ಕ್ರೇನು ಸುಮ್ಮನೆ ನಿಂತಾಗ ಮಾತ್ರ ಕ್ರೇನಕ್ಕ ತನ್ನ ಗಾಜಿನ ಗೂಡಿನಲ್ಲಿ ತುಟಿಗೆ ಕೆಲಸ ಕೊಡುತ್ತಿದ್ದಳು. ಚಾಚು, ಎಳೆ, ಚಾಚು, ಎಳೆ. ಕೆಳಗೆ ಸರಪಳಿ ಬಿಗಿಯುವವನೊಬ್ಬ ಸನ್ನೆ ಕೊಡಲು ತಲೆಯೆತ್ತಿದರೆ ಮೇಲಿಂದ ಮುತ್ತುಗಳು ಬರುತ್ತಿವೆ! ಅವನು ಹಿಂದೆ ತಿರುಗಿ ಯಾರಿಗೆಂದು ನೋಡಿದ. ಹಿಂದೆ ಕೊಳವೆಗಳ ರಾಶಿ ಬಿಟ್ಟರೆ ಯಾರೂ ಇರಲಿಲ್ಲ. ಊಟದ ಹೊತ್ತಿಗೆ ಕೆಂಪು ಮುಖ ಮಾಡಿಕೊಂಡು ಬಂದು, "ಅಕ್ಕಾ, ನನಗೆ ಮದ್ವೆ ಆಗಿದೆ" ಎಂದ. ಕ್ರೇನಕ್ಕ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ವಿಷಯ ತಿಳಿದ ಮೇಲೆ ಗೋದಾಮಿನವರೆಲ್ಲ ಅವಳನ್ನು ಕಂಡಲ್ಲೆಲ್ಲ ತುಟಿ ಚಾಚಿ ನಮಸ್ಕಾರ ಮಾಡತೊಡಗಿದರು.

ಇಷ್ಟೇ ಸಾಲದು ಎಂದು ಬರೀ ತುಟಿಯಲ್ಲಿ ಝೇಂಕರಿಸುವುದನ್ನೂ ಹಿಡಿದಳು. ಮೌತ್‌ಪೀಸಿಲ್ಲದೆ, ಟ್ರಂಪೆಟ್ಟಿಲ್ಲದೆ, ತುಟಿ ಎರಡನ್ನೂ ಕೂಡಿಸಿ ನಡುವೆ ಗಾಳಿ ನೂಕಿದರೆ ದುಂಬಿಯ ಸದ್ದು ಬರುತ್ತದೆ. ಮೊದಲು ಒಂದೇ ಸ್ವರ. ಆಮೇಲೆ ಅದನ್ನು ಏರಿಸಿ ಇಳಿಸಿ ಸೋಲೊದ ಮೊದಲ ಸಾಲನ್ನೇ ಝೇಂಕರಿಸಿದಳು.

"ಇದೇನು ಸಂಗೀತಾನೋ, ರುಬ್ಬೋ ಯಂತ್ರಾನೋ?" ಎಂದರು ಅತ್ತೆ. ಆದರೆ ಎರಡು ದಿನ ಬಿಟ್ಟು ಅಡುಗೆಮನೆಯಿಂದ ಅದೇ ಸಾಲು, ಅರ್ಧ ಗಾಳಿ ಅರ್ಧ ಸದ್ದಾಗಿ, ಕೇಳಿಬಂತು. ಇಣುಕಿದರೆ ಅತ್ತೆ ಪಾತ್ರೆ ತೊಳೆಯುತ್ತ ತುಟಿ ನಡುಗಿಸುತ್ತಿದ್ದಾರೆ.

ವಾರಕ್ಕೆರಡು ಸಂಜೆ ಅಭ್ಯಾಸಕ್ಕೂ ಹೋಗುತ್ತಿದ್ದಳು. ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಊದದೆ, ಬೆರಳುಗಳಿಂದ ಗುಂಡಿಗಳನ್ನು ಮಾತ್ರ ಒತ್ತುತ್ತ, ಎಲ್ಲರ ಜೊತೆ ಉಸಿರು ತೆಗೆದುಕೊಂಡು ಎಲ್ಲರ ಜೊತೆ ಬಿಡುತ್ತ ಕೂರುತ್ತಿದ್ದಳು. ಯಾವುದಕ್ಕೂ ಇರಲಿ ಎಂದು ಮಾಸ್ಟರು ಸೋಲೊವನ್ನು ಗುಮಾಸ್ತನಿಗೂ ಕಲಿಸಿದ್ದರು. ಅವನು ಎದ್ದು ನಿಂತು ನುಡಿಸಿದ ಮೊದಲ ಸಂಜೆ ಕ್ರೇನಕ್ಕ ಗುಂಡಿ ಒತ್ತುವುದನ್ನೂ ಬಿಟ್ಟು ಕೇಳಿದಳು. ಅವನು ಕೆಟ್ಟದಾಗಿ ನುಡಿಸಿದ್ದರೆ ಸಮಾಧಾನವಾಗುತ್ತಿತ್ತೇನೋ. ಚೆನ್ನಾಗಿಯೇ ನುಡಿಸಿದ. ತುದಿಯ ಸ್ವರ ಒಂದು ಚೂರು ತೆಳುವಾಗಿತ್ತು, ಅಷ್ಟೇ.

ಅವತ್ತು ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಪೆನ್ಸಿಲ್ ಹಿಡಿದಳು. ಬಿತ್ತು, ಎತ್ತಿಕೊಂಡಳು. ಬಿತ್ತು, ಎತ್ತಿಕೊಂಡಳು. ಕೊನೆಗೆ ತುಟಿ ತನಗೆ ತಾನೇ ನಡುಗತೊಡಗಿತು. ಕೆನ್ನೆ ಸೆಟೆದುಕೊಂಡಿತು. ಕಣ್ಣಲ್ಲಿ ನೀರು ಬಂತು.

ಅತ್ತೆ ಬಂದು ಪೆನ್ಸಿಲ್ ಕಿತ್ತುಕೊಂಡರು. "ಸಾಯಿಸ್ತೀಯಾ ಅದನ್ನ? ಆ ಹುಡುಗಿ ನನಗೆ ಮೊದಲು ಹೇಳಿದ್ದೇ ಅದು. ಎಷ್ಟು ಹೊತ್ತು ದುಡಿಸ್ತೀರೋ ಅಷ್ಟೇ ಹೊತ್ತು ಸುಮ್ನೆ ಬಿಡಿ ಅಂತ. ಕುದುರೆ ಥರ ತುಟಿ ಆಡ್ಸು, ಸಡಿಲ ಆಗ್ಲಿ."

"ಅವನು ಚೆನ್ನಾಗಿ ನುಡಿಸ್ತಾನೆ ಅತ್ತೆ."

"ನುಡಿಸ್ಲಿ. ಅವನಿಗೂ ಬಾಯಿದೆ. ನೀನು ಕುದುರೆ ಮಾಡು."

ಇಬ್ಬರೂ ಅಕ್ಕಪಕ್ಕ ಕೂತು ಕುದುರೆ ಸೀನಿದಂತೆ ತುಟಿಗಳನ್ನು ಪಟಪಟ ಬಡಿಸಿದರು. ಸ್ವಲ್ಪ ಹೊತ್ತಿಗೆ ಅಳು ಎಲ್ಲಿ ಹೋಯಿತೋ, ಇಬ್ಬರಿಗೂ ಎಂಜಲು ಸಿಡಿಸಿಕೊಂಡು ನಗು.

ಸ್ಪರ್ಧೆಗೆ ಒಂದು ವಾರವಿದೆ ಎನ್ನುವಾಗ ಡಾಕ್ಟರು ತಾವು ಕ್ಯಾಪ್ ಹಾಕಿದ್ದ ಹಲ್ಲನ್ನು ಹಿಂದೆ ಮುಂದೆ ತಟ್ಟಿ ನೋಡಿ, "ಗೋಡೆ ಗಟ್ಟಿಯಾಗಿದೆ, ಒರಗಬಹುದು. ಮೆಲ್ಲಗೆ" ಎಂದರು. ಕ್ರೇನಕ್ಕ ಬಸ್ಸಿಗೂ ಕಾಯದೆ ಓಡುನಡಿಗೆಯಲ್ಲಿ ಮನೆಗೆ ಬಂದಳು. ಅತ್ತೆಯನ್ನು ಎದುರಿಗೆ ಕೂರಿಸಿ, ಪೆಟ್ಟಿಗೆ ತೆಗೆದು, ಟ್ರಂಪೆಟ್ಟನ್ನು ತುಟಿಗೆ ಇಟ್ಟಳು. ತಣ್ಣಗಿತ್ತು. ಹೊಸ ಹಲ್ಲು ಹಳೆಯದಕ್ಕಿಂತ ಒಂದು ಕೂದಲೆಳೆ ದಪ್ಪ ಎನಿಸಿತು. ಇಷ್ಟು ದಿನದ ಮಂಗಾಟವೆಲ್ಲ ಬರೀ ಮಂಗಾಟವೇ ಆಗಿದ್ದರೆ? ಕೆಳಗಿನ ಒಂದು ಸ್ವರವನ್ನು ಮೆಲ್ಲಗೆ, ದೀಪ ಊದಿಯೂ ಊದದ ಹಾಗೆ ಊದಿದಳು.

ಬಂತು. ಮೊದಲು ಅಂಚು ಒರಟಾಗಿ, ಆಮೇಲೆ ದುಂಡಗೆ, ಕೋಣೆ ತುಂಬುವಂತೆ ಬಂತು. ಬಾಯಿಯ ಮೂಲೆಗಳು ಕಂಬ ನಟ್ಟಂತೆ ನಿಂತಿದ್ದವು. ಇನ್ನೊಂದು ಸ್ವರ. ಮತ್ತೊಂದು. ಸೋಲೊದ ಮೊದಲ ಸಾಲು ಇಡಿಯಾಗಿ ಬಂತು.

ಅತ್ತೆ ಎದ್ದು ನಿಂತು ಚಪ್ಪಾಳೆ ಹೊಡೆದರು. "ಇದೆ ಕಣೇ! ಎಲ್ಲೂ ಹೋಗಿಲ್ಲ!"

ಆ ಖುಷಿಯಲ್ಲಿ ಕ್ರೇನಕ್ಕನಿಗೆ ಹಿಡಿತ ತಪ್ಪಿತು. ನೆಟ್ಟಗೆ ತುದಿಯ ಸ್ವರಕ್ಕೇ ನೆಗೆದಳು. ಕದ ಕಿರುಗುಟ್ಟಿದಂಥ ಸದ್ದು ಬಂತು. ಮತ್ತೆ ನೆಗೆಯಹೋದಾಗ ಅತ್ತೆ ಟ್ರಂಪೆಟ್ಟಿನ ಬಾಯಿಗೆ ಅಂಗೈ ಅಡ್ಡ ಇಟ್ಟರು.

"ಡಾಕ್ಟ್ರು ಏನಂದ್ರು?"

"ಮೆಲ್ಲಗೆ ಅಂದ್ರು."

"ಇಲ್ಲಿ ಕೂತ ನನಗೇ ಕೇಳಿಸ್ತು, ಅಲ್ಲಿದ್ದ ನಿನಗೆ ಕೇಳಿಸಿಲ್ವಾ? ನಾಳೆ ಒಂದು ಮೆಟ್ಟಿಲು, ನಾಡಿದ್ದು ಇನ್ನೊಂದು."

ಹಾಗೆಯೇ ಮಾಡಿದಳು. ಸ್ವಲ್ಪ ಹೊತ್ತು ಊದು, ಅಷ್ಟೇ ಹೊತ್ತು ಬಿಡು. ಮೊದಲು ಉದ್ದನೆಯ ಮೆಲುಸ್ವರಗಳು, ಆಮೇಲೆ ಒಂದೊಂದೇ ಮೇಲಕ್ಕೆ. ಕೊನೆಯ ಅಭ್ಯಾಸದ ಸಂಜೆ ಬ್ಯಾಂಡಿನ ನಡುವೆ ಎದ್ದು ನಿಂತು ನುಡಿಸಿದಾಗ ತುದಿಯ ಸ್ವರ ಬೆಳ್ಳಿಯ ಹಾಗೆ ಬಂತು. ವೆಲ್ಡರುಗಳು ಕುರ್ಚಿ ಬಡಿದರು. ಆದರೆ ಅಲ್ಲಿಂದ ಇಳಿದು ಬರುವಾಗ ತುಟಿ ದಣಿದು ಹೋಯಿತು. ಕೊನೆಯ ಸಾಲು ಗಾಳಿಯಲ್ಲಿ ಕರಗಿತು. ಕಸರತ್ತು ಕಸುವನ್ನು ಕಾದಿಟ್ಟಿತ್ತು. ಹೊತ್ತುಗಟ್ಟಲೆ ತಾಳುವ ಶಕ್ತಿ ಮಾತ್ರ ಊದಿಯೇ ಬರಬೇಕಿತ್ತು, ಅದಕ್ಕೆ ದಿನಗಳಿರಲಿಲ್ಲ.

ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು.

"ಇಷ್ಟು ಒಳ್ಳೆ ತುದಿಸ್ವರ ನಾನು ಈ ಕ್ಯಾಂಟೀನಲ್ಲಿ ಕೇಳಿಲ್ಲ. ಕೊನೆ ಸಾಲು ಬರುತ್ತೋ ಬಿಡುತ್ತೋ. ಸೋಲೊ ಕ್ರೇನಕ್ಕಂದೇ."

ಗುಮಾಸ್ತ ಪೆಟ್ಟಿಗೆ ಮುಚ್ಚುತ್ತ ಅವಳ ಕಡೆ ಬಾಗಿ, "ನಾನು ಪಕ್ಕದಲ್ಲೇ ಇರ್ತೀನಲ್ಲ" ಎಂದ. ಅದು ಧೈರ್ಯ ಹೇಳಿದ್ದೋ ಆಸೆಪಟ್ಟಿದ್ದೋ ಅವಳಿಗೆ ಗೊತ್ತಾಗಲಿಲ್ಲ.

ಸ್ಪರ್ಧೆಯ ದಿನ ಬೆಳಗ್ಗೆ ಅವಳು ಕಪ್ಪು ಕೋಟು ಹಾಕಿಕೊಂಡು ಹೊರಡುವಾಗ ನೋಡಿದರೆ, ಅತ್ತೆ ಬಾಗಿಲಲ್ಲಿ ಸಿದ್ಧವಾಗಿ ನಿಂತಿದ್ದಾರೆ. ಕೈಯಲ್ಲಿ ಕೊಡೆ, ಕಾಲಲ್ಲಿ ಹೊಸ ಚಪ್ಪಲಿ.

"ಅತ್ತೆ, ಅಲ್ಲಿ ತುಂಬ ಜನ ಇರ್ತಾರೆ."

"ಇರ್ಲಿ. ನನ್ನ ಬಾಯಿ ನೋಡಿದವರಿಗೆ ಪೆನ್ಸಿಲ್ ಕೊಟ್ಟು ಪಂದ್ಯಕ್ಕೆ ಕರೀತೀನಿ. ನಡಿ, ಬಸ್ಸು ತಪ್ಪುತ್ತೆ."

ಮಗ ಬೇಕರಿಗೆ ರಜೆ ಹಾಕಿ ಹಿಂದೆ ಹಿಂದೆ ಬಂದ. ತಾಯಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಬಾಯಿಗೆ ಕೈ ಅಡ್ಡವಿಲ್ಲದೆ, ಪಕ್ಕದವರೊಡನೆ ಹರಟುತ್ತಿದ್ದುದನ್ನು ಅವನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ.

ಸಭಾಂಗಣದ ಹಿಂದಿನ ಓಣಿಯಲ್ಲಿ ಬ್ಯಾಂಡುಗಳೆಲ್ಲ ಸಾಲಾಗಿ ನಿಂತಿದ್ದವು. ಗೋದಾಮಿನವರ ಸರದಿ ಇನ್ನೇನು ಬಂತು ಎನ್ನುವಾಗ ವೇದಿಕೆಯ ದೀಪಗಳು ಕೆಟ್ಟವು. ರಿಪೇರಿಯವರು ಏಣಿ ಹೊತ್ತುಕೊಂಡು ಓಡಾಡಿದರು. ಹೊತ್ತು ಹೋಗುತ್ತಿತ್ತು. ಬೆಚ್ಚಗೆ ಮಾಡಿಕೊಂಡಿದ್ದ ತುಟಿ ತಣ್ಣಗಾಗುತ್ತಿತ್ತು. ಅಲ್ಲಿ ಊದುವಂತಿರಲಿಲ್ಲ, ಸದ್ದು ಒಳಗೆ ಕೇಳುತ್ತದೆ ಎಂದು ಕಾವಲಿನವನು ತಡೆದಿದ್ದ. ಊದಿ ಊದಿ ಇದ್ದ ಕಸುವನ್ನು ಅಲ್ಲೇ ಖರ್ಚು ಮಾಡಿಕೊಳ್ಳುವುದೂ ಬೇಡವಾಗಿತ್ತು. ಕ್ರೇನಕ್ಕ ಗೋಡೆಗೆ ತಿರುಗಿ ಕುದುರೆ ಮಾಡಿದಳು. ಪಟಪಟ ಪಟಪಟ.

ಅಂಚೆಯವರ ಬ್ಯಾಂಡಿನಲ್ಲಿ ಟ್ಯೂಬಾ ಎಂಬ ಭಾರೀ ಕಹಳೆ ಹೊತ್ತ ದಪ್ಪನೆಯ ಮನುಷ್ಯನೊಬ್ಬ ಕಿಸಕ್ಕನೆ ನಕ್ಕ. "ಏನಮ್ಮಾ, ಲಾಯದಿಂದ ಬಂದ್ರಾ?"

"ತುಟಿ ಸತ್ತುಹೋಗಿಲ್ವಾ ನಿಮ್ದು, ಇಷ್ಟು ಹೊತ್ತು ನಿಂತು?" ಎಂದು ಅವಳು ತಿರುಗಿ ಕೇಳಿದಳು.

ಅವನು ತುಟಿ ಮುಟ್ಟಿ ನೋಡಿಕೊಂಡ. "ಸತ್ತಿದೆ" ಎಂದ. ಒಂದು ಸಲ ಪಟಪಟಿಸಿದ. ಹುಬ್ಬು ಮೇಲೆ ಹೋಯಿತು. ಮತ್ತೊಂದು ಸಲ ಪಟಪಟಿಸಿದ. ಪಕ್ಕದವನೂ ಮಾಡಿದ. ನೋಡನೋಡುತ್ತ ಓಣಿ ತುಂಬ ಗಣಿಯವರು, ರೈಲಿನವರು, ಗೋದಾಮಿನವರು ಕೋಟು ಟೈ ಹಾಕಿಕೊಂಡು ಕುದುರೆಗಳಾದರು. ಕಾವಲಿನವನು ಬಾಯಿಗೆ ಬೆರಳಿಟ್ಟು "ಶ್!" ಎಂದರೂ ಯಾರೂ ಕೇಳಲಿಲ್ಲ.

ದೀಪ ಬಂತು. ಗೋದಾಮಿನವರು ವೇದಿಕೆ ಹತ್ತಿದರು. ಮೊದಲ ಭಾಗ ಹೇಗೆ ಮುಗಿಯಿತೋ ಕ್ರೇನಕ್ಕನಿಗೆ ತಿಳಿಯಲಿಲ್ಲ. ಡ್ರಮ್ಮು ನಿಂತಿತು, ಟ್ರಾಂಬೋನುಗಳು ಇಳಿದವು, ಮಾಸ್ಟರು ಅವಳ ಕಡೆ ನೋಡಿ ಕೈ ಎತ್ತಿದರು. ಅವಳು ಎದ್ದು ನಿಂತಳು.

ಮೊದಲ ಸಾಲು ಎಣ್ಣೆ ಸುರಿದಂತೆ ಹರಿಯಿತು. ಎರಡನೆಯದು ಅದರ ಹೆಗಲ ಮೇಲೆ ಕಾಲಿಟ್ಟು ಹತ್ತಿತು. ಅವಳಿಗೆ ಯಾವ ಮುಖವೂ ಕಾಣಲಿಲ್ಲ. ಬಾಯಿಯ ಮೂಲೆಗಳನ್ನು ಬಿಗಿ ಹಿಡಿದು, ಹೊಟ್ಟೆಯ ತಳದಿಂದ ಗಾಳಿಯನ್ನು ಎತ್ತಿ, ಒತ್ತದೆ, ಹಲ್ಲಿಗೆ ಭಾರ ಹಾಕದೆ, ತುದಿಯ ಸ್ವರಕ್ಕೆ ಹೋದಳು. ಅದು ಅವಳು ಬರುವುದನ್ನೇ ಕಾಯುತ್ತಿದ್ದಂತೆ ತೆರೆದುಕೊಂಡಿತು. ನಿಂತಿತು. ಇನ್ನೂ ನಿಂತಿತು. ಮಾಸ್ಟರು ಕೈ ಇಳಿಸುವುದನ್ನೇ ಮರೆತರು.

ಆಮೇಲೆ ಇಳಿಯತೊಡಗಿದಾಗ ತುಟಿ ನಡುಗಿತು. ಇಲ್ಲಿಗೆ ಮುಗಿಯಿತು ಎಂದು ಅವಳಿಗೆ ಗೊತ್ತಾಯಿತು. ಕೊನೆಯ ಸಾಲಿನ ಹೊಸ್ತಿಲಲ್ಲಿ ಸ್ವರ ತೆಳ್ಳಗಾಗುತ್ತ ಬಂತು. ಆಗ ಅವಳ ಮೊಣಕೈ ಪಕ್ಕದಿಂದ, ಕೂತಲ್ಲಿಂದಲೇ, ಇನ್ನೊಂದು ಟ್ರಂಪೆಟ್ ಮೆಲ್ಲಗೆ ಒಳಗೆ ಬಂತು. ಗುಮಾಸ್ತ ಅದೇ ಸಾಲನ್ನು ಅವಳಿಗಿಂತ ಒಂದು ಸ್ಥಾಯಿ ಕೆಳಗೆ ಹಿಡಿದಿದ್ದ. ಅವಳನ್ನು ಮುಚ್ಚಲಿಲ್ಲ, ತಳದಲ್ಲಿ ಕೈಕೊಟ್ಟ, ಅಷ್ಟೇ. ಆ ಆಸರೆ ಸಿಕ್ಕಿದ್ದೇ ತಡ, ಉಳಿದಿದ್ದ ಚೂರು ಕಸುವಿನಲ್ಲಿ ಅವಳು ಅವನ ಮೇಲೆ ಒರಗಿ ಇಳಿದಳು. ಎರಡು ಟ್ರಂಪೆಟ್ಟುಗಳು ಒಟ್ಟಿಗೆ ನೆಲ ಮುಟ್ಟಿದವು.

ಆಮೇಲೆ ಟಿಕೆಟ್ ಕಿಟಕಿಯ ಗಂಟಲೊಂದು ಹಿಂದಿನ ಸಾಲಿನಿಂದ, "ನಮ್ಮ ಸೊಸೆ ಕಣ್ರೀ ಅದು! ನಮ್ಮ ಸೊಸೆ!" ಎಂದು ಕೂಗಿತು. ಇಡೀ ಸಭಾಂಗಣ ಎದ್ದಿತು. ಇನ್ನೂ ನುಡಿಸಬೇಕಾದ ಭಾಗ ಉಳಿದಿದೆ ಎಂದು ಮಾಸ್ಟರು ತಿರುಗಿ ಕೈ ಮುಗಿಯಬೇಕಾಯಿತು.

ಮೊದಲ ಬಹುಮಾನ ಗಣಿಯವರಿಗೆ ಹೋಯಿತು. ಎರಡನೆಯದು ಗೋದಾಮಿನವರಿಗೆ. ತೀರ್ಪುಗಾರರೊಬ್ಬರು ಮಾಸ್ಟರ ಕೈ ಕುಲುಕಿ, "ಕೊನೇಲಿ ಇನ್ನೊಂದು ಟ್ರಂಪೆಟ್ ಸೇರಿಸಿದ್ರಲ್ಲ, ಎಂಥ ಯೋಚನೆ ಸ್ವಾಮಿ!" ಎಂದರು. ಮಾಸ್ಟರು ಗಂಭೀರವಾಗಿ ತಲೆದೂಗಿದರು. ಅವರು ಹೋದ ಮೇಲೆ ಗುಮಾಸ್ತನನ್ನು ಕರೆದು, "ಯಾರಯ್ಯ ನಿನಗೆ ಹೇಳಿದ್ದು?" ಎಂದು ಕೇಳಿದರು.

"ಯಾರೂ ಹೇಳ್ಲಿಲ್ಲ ಸಾರ್. ಅಕ್ಕನ ಉಸಿರು ಕೇಳಿಸ್ತು. ಕೈ ತಾನಾಗೇ ಎದ್ದುಬಿಡ್ತು."

"ಇನ್ಮೇಲೆ ಹಾಗೇ ನುಡಿಸಿ, ಇಬ್ಬರೂ" ಎಂದು ಮಾಸ್ಟರು ಕನ್ನಡಕ ಒರೆಸಿಕೊಂಡರು.

ಕ್ರೇನಕ್ಕ ಗುಮಾಸ್ತನಿಗೆ ಏನೋ ಹೇಳಬೇಕೆಂದು ಬಾಯಿ ತೆರೆದಳು. ತುಟಿ ಊದಿಕೊಂಡು ಮರಗಟ್ಟಿ, ಒಂದಕ್ಕೊಂದು ಸೇರಲೊಲ್ಲವು. ಪ, ಬ, ಮ ಯಾವುದೂ ಹೊರಡಲಿಲ್ಲ. ಅವನ ಭುಜಕ್ಕೆ ಒಂದು ಗುದ್ದು ಕೊಟ್ಟಳು. ಅವನು ಅರ್ಥವಾಯಿತು ಎಂಬಂತೆ ಭುಜ ಉಜ್ಜಿಕೊಂಡು ನಕ್ಕ.

ಬಸ್ಸಿನಲ್ಲಿ ಅತ್ತೆ ಡ್ರೈವರಿನಿಂದ ಹಿಡಿದು ಹಿಂದಿನ ಸೀಟಿನವರವರೆಗೆ ಎಲ್ಲರಿಗೂ ಕಥೆ ಹೇಳಿದರು. ಹೇಳುವಾಗ ಬಾಯಿಯ ಎಡಮೂಲೆ ಇನ್ನೂ ಒಂದಿಷ್ಟು ಇಳಿದೇ ಇತ್ತು. ಯಾರೂ ಅದನ್ನು ನೋಡಲಿಲ್ಲ, ಅಥವಾ ನೋಡಿದರೂ ಕಥೆ ಬಿಡಲಿಲ್ಲ. ಮಾರನೆಯ ದಿನ ಕ್ರೇನಕ್ಕ ಗಾಜಿನ ಗೂಡು ಹತ್ತಿದಾಗ ಕೆಳಗಿನವರು ಒಟ್ಟಾಗಿ ನಿಂತು ಕೈ ಬೀಸಿದರು. ಅವಳು ಕಿಟಕಿ ಸರಿಸಿ, ಮಾತು ಹೊರಡದಿದ್ದರೂ, ಕೊಳವೆಗಳ ಮೊದಲ ಕಟ್ಟನ್ನು ಎತ್ತುವ ಮುಂಚೆ ಕ್ರೇನಿನ ಗಂಟೆಯನ್ನು ಜೋರಾಗಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಬಾರಿಸಿದಳು.